ಅಡುಗೆಮನೆಯ ಆಡಂಬರ ಮತ್ತು ಶ್ರಾವಕನ ವಿವೇಕ

ಶ್ರಾವಕನ ಧರ್ಮವು ಬಸದಿಯಲ್ಲಿ ಪ್ರಕಟವಾಗುತ್ತದೆ. ಆದರೆ ಅದು ಪರೀಕ್ಷೆಗೆ ಒಳಗಾಗುವುದು ಅಡುಗೆಮನೆಯಲ್ಲಿ. ನಿತ್ಯಪೂಜೆಗೆ ದಿನದಲ್ಲಿ ಒಂದು ಗಂಟೆ ಸಾಕಾದೀತು. ಒಲೆ, ನೀರು, ಧಾನ್ಯ, ಪೊರಕೆಗಳೊಡನೆಯಾದರೋ ಗೃಹಸ್ಥನ ಮನೆ ಬೆಳಗಿನಿಂದ ಸಂಜೆಯವರೆಗೆ ವ್ಯವಹರಿಸಬೇಕಾಗುತ್ತದೆ. ಅಹಿಂಸೆಯನ್ನು ಅಣುವ್ರತವಾಗಿ ಸ್ವೀಕರಿಸಿದ ಸಮಾಜವೊಂದು ತನ್ನ ಅಡುಗೆಮನೆಯನ್ನು ಹೇಗೆ ಕಟ್ಟುತ್ತದೆ, ಹೇಗೆ ಬಳಸುತ್ತದೆ, ಅದಕ್ಕಾಗಿ ಎಷ್ಟು ವೆಚ್ಚ ಮಾಡುತ್ತದೆ, ಆ ಕೋಣೆಯ ದುಡಿಮೆಯನ್ನು ಯಾರ ಹೆಗಲಿಗೆ ಹೊರಿಸುತ್ತದೆ ಎಂಬುದು ಆದಕಾರಣ ಗೃಹಾಲಂಕಾರದ ವಿಷಯವಲ್ಲ, ಆಚಾರದ ವಿಷಯ.

ಇತ್ತೀಚಿನ ವರ್ಷಗಳಲ್ಲಿ ಜೈನ ಕುಟುಂಬಗಳಲ್ಲಿ, ಬೆಂಗಳೂರಿನ ಬಹುಮಹಡಿ ವಸತಿಗಳಿಂದ ಮೊದಲ್ಗೊಂಡು ತಾಲ್ಲೂಕು ಕೇಂದ್ರಗಳ ಹೆಂಚಿನ ಮನೆಗಳವರೆಗೆ, ಎರಡು ವಿಪರೀತಗಳು ಒಟ್ಟೊಟ್ಟಿಗೆ ಬೆಳೆಯುತ್ತಿವೆ. ಒಂದು, ಸುಸ್ಥಿತಿಯಲ್ಲಿರುವ ಅಡುಗೆಮನೆಯನ್ನು ಒಡೆದು, ಸಾಲ ಮಾಡಿಯಾದರೂ ‘ಮಾಡ್ಯುಲರ್’ ಎಂಬ ಹೆಸರಿನ ಹೊಳೆಯುವ ಕಪಾಟುಗಳನ್ನು ನಿಲ್ಲಿಸುವುದು. ಇನ್ನೊಂದು, ದಿನವಿಡೀ ದುಡಿಮೆ ನಡೆಯುವ ಕೋಣೆಯಲ್ಲಿ ಪಾತ್ರೆಪಡಗಗಳು ಹರಡಿರುವುದನ್ನು ಅವಮಾನವೆಂದು ಭಾವಿಸಿ, ಆ ಅವಮಾನದ ಭಾರವನ್ನು ಮನೆಯ ಹೆಣ್ಣುಮಕ್ಕಳ ಮೇಲೆ ಹೇರುವುದು. ಇವೆರಡಕ್ಕೂ ಮೂಲ ಒಂದೇ. ಅಡುಗೆಮನೆ ಇರುವುದು ಅಡುಗೆಗಾಗಿ ಎಂಬುದನ್ನು ಮರೆತು, ಅದು ಇರುವುದು ನೋಡುವವರಿಗಾಗಿ ಎಂದು ತಿಳಿಯುವುದೇ ಆ ಮೂಲ. ಈ ತಿಳಿವಳಿಕೆ ಶ್ರಾವಕಾಚಾರಕ್ಕೆ ವಿರುದ್ಧವಾದುದು. ಕುಟುಂಬದ ಹಣಕ್ಕೂ ನೆಮ್ಮದಿಗೂ ಹಾನಿಕರವಾದುದು.

ಆಚಾರವು ಕೇಳುವುದೇನು?

ಗೃಹಸ್ಥನಿಂದ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ಆಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕೆಂದೂ, ಅಡುಗೆ ಮೊದಲಾದ ಮನೆಗೆಲಸಗಳಲ್ಲಿ ಆಗುವ ಆರಂಭೀ ಹಿಂಸೆಯನ್ನು ಯತ್ನಾಚಾರದಿಂದ ಕನಿಷ್ಠಗೊಳಿಸಬೇಕೆಂದೂ ವಿಧಿಸಿದರು. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ ಎಂಬ ಐದನ್ನು ಜೀವಹಾನಿಯ ಸ್ಥಾನಗಳೆಂದು ಭಾರತೀಯ ಪರಂಪರೆ ಬಹು ಹಿಂದೆಯೇ ಗುರುತಿಸಿದೆ. ಈ ಐದೂ ಇರುವುದು ಅಡುಗೆಮನೆಯಲ್ಲಿ ಅಥವಾ ಅದರ ಹೊಸ್ತಿಲಿನಲ್ಲಿ. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಮಾದಕ್ಕೆ ಮೊದಲ ಸ್ಥಾನ ಕೊಟ್ಟಿರುವುದನ್ನು ಇಲ್ಲಿ ನೆನೆಯಬೇಕು. ಅಜಾಗರೂಕತೆಯಿಂದ ಕೂಡಿದ ವ್ಯಾಪಾರವೇ ದೋಷದ ಬೀಜ.

ಈ ದೃಷ್ಟಿಯಿಂದ ನೋಡಿದರೆ ಜೈನ ಅಡುಗೆಮನೆಗೆ ಬೇಕಾದವು ಕೆಲವೇ. ಮೊದಲನೆಯದು ಹಗಲಿನ ಬೆಳಕು. ಸೂರ್ಯಾಸ್ತದೊಳಗೆ ಅಡುಗೆಯೂ ಊಟವೂ ಮುಗಿಯಬೇಕೆಂಬ ನಿಯಮದ ಹಿಂದೆ ಇರುವುದು, ಕಣ್ಣಿಗೆ ಕಾಣದ ಜೀವಿ ಪಾತ್ರೆಗೆ ಬೀಳಬಾರದು, ದೀಪಕ್ಕೆ ಮುತ್ತುವ ಕೀಟ ಒಲೆಗೆ ಬಲಿಯಾಗಬಾರದು ಎಂಬ ಕಾಳಜಿ. ಎರಡನೆಯದು ಗಾಳಿ. ಮೂರನೆಯದು ಒಣಗಿದ ನೆಲ ಮತ್ತು ನೀರು ನಿಲ್ಲದ ಬಚ್ಚಲು. ನಾಲ್ಕನೆಯದು ನೀರನ್ನು ಸೋಸಿ ಇಡಲು, ಸೋಸುವ ಬಟ್ಟೆಯನ್ನು ಒಣಗಿಸಲು ತಕ್ಕ ಜಾಗ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಮರ್ಯಾದೆ. ಬಳಿಕ ಮತ್ತೆ ಸೋಸಬೇಕು. ಕುದಿಸಿದ ನೀರಿಗೆ 24 ಗಂಟೆ. ಐದನೆಯದು, ಇಟ್ಟ ಪದಾರ್ಥ ಒಂದೇ ನೋಟಕ್ಕೆ ಕಾಣುವಂತಹ ಸಂಗ್ರಹ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮರ್ಯಾದೆಯನ್ನು ದಿಗಂಬರ ಸಂಪ್ರದಾಯದ ಮನೆಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿವೆ. ವಾರಕ್ಕೆ ಮೀರಿ ಹಿಟ್ಟನ್ನು ಇಡಬಾರದ ಮನೆಗೆ ಆಳೆತ್ತರದ ಉಗ್ರಾಣ ಕಪಾಟು ಏಕೆ ಬೇಕು? ಕೊಂಡ ಕಪಾಟು ತುಂಬಿಸಿಕೊಳ್ಳಲು ಕರೆಯುತ್ತದೆ. ತುಂಬಿದ ಕಪಾಟು ಮರೆಸುತ್ತದೆ. ಮರೆತ ಹಿಟ್ಟಿನಲ್ಲಿ ಹುಳು ಹುಟ್ಟುತ್ತದೆ. ಹೀಗೆ ಅನುಕೂಲಕ್ಕೆಂದು ತಂದ ವಸ್ತುವೇ ಆಚಾರವನ್ನು ಮೆಲ್ಲನೆ ಕೆಡಿಸುತ್ತದೆ.

ಮಿತವ್ಯಯದಿಂದ ಹುಟ್ಟಿ ಆಡಂಬರವಾದದ್ದು

ಇಂದು ವೈಭವದ ಗುರುತಾಗಿ ಮಾರಾಟವಾಗುತ್ತಿರುವ ಜೋಡಣೆಯ ಅಡುಗೆಮನೆ ಹುಟ್ಟಿದ್ದು ಬಡತನದ ಚಿಂತೆಯಿಂದ ಎಂಬುದು ಅನೇಕರಿಗೆ ತಿಳಿದಿಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರವು ಸಾಮಾನ್ಯ ಜನರಿಗಾಗಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸತೊಡಗಿದಾಗ, ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೇಟೆ ಷೂಟೆ-ಲಿಹೋಟ್ಸ್ಕಿ ಅವುಗಳಿಗೆಂದು ಸಣ್ಣ ಅಡುಗೆಮನೆಯೊಂದನ್ನು ರೂಪಿಸಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಕೋಣೆ ಸುಮಾರು 10,000 ಮನೆಗಳಲ್ಲಿ ಅಳವಟ್ಟಿತು. ಗೃಹಿಣಿಯ ನಡಿಗೆಯನ್ನೂ ಬಳಲಿಕೆಯನ್ನೂ ಕಡಿಮೆ ಮಾಡುವುದು ಅದರ ಉದ್ದೇಶವಾಗಿತ್ತು. ಕೆಲಸದ ಮೇಜು ಕಿಟಕಿಯ ಎದುರಿಗಿತ್ತು. ಹಿಟ್ಟಿನ ಪೆಟ್ಟಿಗೆಗೆ ಹುಳು ಹತ್ತದಿರಲೆಂದು ಓಕ್ ಮರವನ್ನು ಬಳಸಿದರು. ಬೆಳಕು, ಕಡಿಮೆ ಶ್ರಮ, ಹುಳು ಹತ್ತದ ಸಂಗ್ರಹ: ಇವು ಮೂರೂ ಶ್ರಾವಕನಿಗೆ ಒಪ್ಪಿಗೆಯಾಗುವ ಗುಣಗಳೇ.

ಆ ಮೂಲದಿಂದ ಇಂದಿನ ಮಳಿಗೆಗಳು ಉಳಿಸಿಕೊಂಡದ್ದು ಜೋಡಣೆಯ ವಿಧಾನವನ್ನು ಮಾತ್ರ, ಬಿಟ್ಟುಬಿಟ್ಟದ್ದು ಮಿತವ್ಯಯವನ್ನು. ಕಟ್ಟೆಯ ಕೆಳಗೆ ನೆಲದವರೆಗೆ ಬಾಗಿಲುಗಳು, ಮೇಲೆ ಸೂರಿನವರೆಗೆ ಬಾಗಿಲುಗಳು, ಅವುಗಳ ಹಿಂದೆ ಗೋಡೆಗೂ ಹಲಗೆಗೂ ನಡುವೆ ಬೆಳಕು ಕಾಣದ ಸಂದುಗಳು. ಕಪಾಟಿನ ಕಾಲುಗಳನ್ನು ಮರೆಮಾಡಲು ನೆಲಕ್ಕೆ ತಾಗಿದ ಒಂದು ಪಟ್ಟಿ. ಅದರ ಹಿಂದೆ ಪೊರಕೆ ತಲುಪದ ಕತ್ತಲೆ. ತೊಟ್ಟಿಯ ಕೊಳವೆ ಹನಿಯುತ್ತಿದ್ದರೂ ಬಾಗಿಲು ಮುಚ್ಚಿರುವುದರಿಂದ ತಿಂಗಳುಗಟ್ಟಲೆ ತಿಳಿಯುವುದಿಲ್ಲ. ಕಡಿಮೆ ದರದ ಹಲಗೆ ಆ ತೇವಕ್ಕೆ ಉಬ್ಬಿ, ಅಂಚು ಬಿರಿದು, ಇನ್ನಷ್ಟು ಸಂದುಗಳನ್ನು ಮಾಡಿಕೊಡುತ್ತದೆ. ತೇವ, ಬೆಚ್ಚನೆಯ ಕತ್ತಲೆ, ಎಂಜಲಿನ ಕಣ ಈ ಮೂರು ಸೇರಿದಲ್ಲಿ ಜಿರಲೆ ನೆಲೆಸುತ್ತದೆ. ಅಡುಗೆಮನೆಗಳಲ್ಲಿ ಸಾಮಾನ್ಯವಾದ ಸಣ್ಣ ಕಂದು ಜಿರಲೆಯ ಒಂದೊಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ.

ಆಗ ಮನೆಯವರು ಮಾಡುವುದೇನು? ವಿಷ ಸಿಂಪಡಿಸುವವರನ್ನು ಕರೆಸುತ್ತಾರೆ. ಬೆಳಿಗ್ಗೆ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಜಲಮೂಲಕ್ಕೆ ಸೇರಿಸುವ ಪರಂಪರೆಯ ಮನೆಯೇ ಮಧ್ಯಾಹ್ನ ಸಾವಿರಾರು ಜೀವಗಳ ಸಂಹಾರಕ್ಕೆ ಹಣ ತೆತ್ತು ರಸೀದಿ ಪಡೆಯುತ್ತದೆ. ಇದು ಆರಂಭೀ ಹಿಂಸೆಯೆಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಸಂದುಗಳನ್ನು ಕಟ್ಟಿಸಿದ್ದು ಪ್ರಮಾದ, ಕೊಲ್ಲಿಸಿದ್ದು ಸಂಕಲ್ಪ. ಬರಲು ಎಡೆಯಿಲ್ಲದಂತೆ ಮೊದಲೇ ತಡೆದಿದ್ದರೆ ಕೊಲ್ಲುವ ಪ್ರಸಂಗವೇ ಉದ್ಭವಿಸುತ್ತಿರಲಿಲ್ಲ. ತಡೆಯುವುದಕ್ಕೆ ವೆಚ್ಚ ಕಡಿಮೆ, ಗಮನ ಹೆಚ್ಚು. ಕೊಲ್ಲುವುದಕ್ಕೆ ಗಮನ ಬೇಡ, ಹಣ ಸಾಕು. ಜೈನ ಆಚಾರವು ಗೃಹಸ್ಥನಿಂದ ಕೇಳುವುದು ಗಮನವನ್ನೇ.

ಕಟ್ಟೆಯ ಕಲ್ಲಿನ ವಿಷಯವನ್ನೂ ಇಲ್ಲಿ ಹೇಳಬೇಕು. ಕೃತಕ ಕ್ವಾರ್ಟ್ಸ್ ಚಪ್ಪಡಿಗಳನ್ನು ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಕಾರ್ಮಿಕರ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುತ್ತದೆ. ಈ ಕಾರಣದಿಂದಲೇ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಅಂತಹ ಚಪ್ಪಡಿಗಳ ಬಳಕೆಯನ್ನು ನಿಷೇಧಿಸಿದೆ. ಗ್ರಾನೈಟ್ ಕತ್ತರಿಸುವಲ್ಲಿಯೂ ಧೂಳಿನ ಅಪಾಯ ಇಲ್ಲದಿಲ್ಲ. ಇಳಕಲ್ಲಿನ ಕೆಂಪು ಕಲ್ಲಾಗಲಿ ಚಾಮರಾಜನಗರದ ಕಪ್ಪು ಕಲ್ಲಾಗಲಿ ಒಮ್ಮೆ ಹಾಸಿದರೆ ತಲೆಮಾರುಗಳ ಕಾಲ ಬಾಳುತ್ತದೆ. ಬಣ್ಣ ಹಳೆಯದಾಯಿತೆಂಬ ಒಂದೇ ಕಾರಣಕ್ಕೆ ಗಟ್ಟಿಯಾದ ಕಲ್ಲನ್ನು ಒಡೆದು ಹೊಸದನ್ನು ಹಾಸುವವರು, ಏಕೇಂದ್ರಿಯ ಪೃಥ್ವೀಕಾಯದ ಮಾತು ಹಾಗಿರಲಿ, ಪಂಚೇಂದ್ರಿಯ ಮನುಷ್ಯನ ಉಸಿರನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ?

ಸಾಲದ ಲೆಕ್ಕ

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆ ಎಂದು ಶಾಸ್ತ್ರ ಹೇಳುತ್ತದೆ. ಆ ಮೂರ್ಛೆಗೆ ಬೆಲೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು. ಕುಟುಂಬವೊಂದು ಅಡುಗೆಮನೆಗಾಗಿ 4 ಲಕ್ಷ ರೂಪಾಯಿಗಳನ್ನು ವರ್ಷಕ್ಕೆ ಶೇ. 14ರ ಬಡ್ಡಿಯಲ್ಲಿ 5 ವರ್ಷಗಳ ಅವಧಿಗೆ ಸಾಲ ತಂದಿತೆಂದು ಇಟ್ಟುಕೊಂಡರೆ, ತಿಂಗಳ ಕಂತು ಸುಮಾರು 9,300 ರೂಪಾಯಿ. ಐದು ವರ್ಷ ಮುಗಿಯುವಾಗ ತೆತ್ತ ಮೊತ್ತ 5 ಲಕ್ಷ 58 ಸಾವಿರವನ್ನು ಮುಟ್ಟಿರುತ್ತದೆ. ಬಡ್ಡಿಯೊಂದೇ ಒಂದೂವರೆ ಲಕ್ಷ ರೂಪಾಯಿಗೆ ಮೇಲ್ಪಟ್ಟಿತು. ಈ ಬಡ್ಡಿಯ ಹಣದಲ್ಲಿ ಮಧ್ಯಮವರ್ಗದ ಸಾಧಾರಣ ಅಡುಗೆಮನೆಯೊಂದರ ಕಿಟಕಿ, ಕೊಳವೆ, ಬಚ್ಚಲು, ಕಟ್ಟೆ ಎಲ್ಲವೂ ದುರಸ್ತಿಯಾಗಿ ಸ್ವಲ್ಪ ಉಳಿಯಬಹುದಾಗಿತ್ತು. ಕಂತು ಕಟ್ಟುವ ಐದು ವರ್ಷಗಳಲ್ಲಿ ಆ ಮನೆಯಿಂದ ಹೋಗಬೇಕಾಗಿದ್ದ ಆಹಾರದಾನ, ಔಷಧದಾನ, ಶಾಸ್ತ್ರದಾನಗಳು ಎಷ್ಟು ಕುಗ್ಗಿದುವೆಂಬುದನ್ನು ಆ ಮನೆಯವರೇ ಎಣಿಸಿಕೊಳ್ಳಬೇಕು.

ಇನ್ನು ಕೆಲವರು ವಾಸ್ತುದೋಷದ ಹೆಸರಿನಲ್ಲಿ ಗೋಡೆ ಒಡೆಯುತ್ತಾರೆ. ಒಲೆ ಆಗ್ನೇಯ ದಿಕ್ಕಿಗೆ ಇಲ್ಲದಿರುವುದರಿಂದಲೇ ವ್ಯಾಪಾರದಲ್ಲಿ ನಷ್ಟವಾಯಿತು, ಮಗಳ ಮದುವೆ ತಡವಾಯಿತು ಎಂದು ನಂಬಿ, ಬೆಳಕು ಬರುತ್ತಿದ್ದ ಕಿಟಕಿಯನ್ನೇ ಮುಚ್ಚಿ ಒಲೆಯನ್ನು ಕತ್ತಲ ಮೂಲೆಗೆ ಸರಿಸಿದವರಿದ್ದಾರೆ. ಜೀವನು ತನ್ನ ಸುಖದುಃಖಗಳಿಗೆ ತಾನು ಗಳಿಸಿದ ಕರ್ಮವೇ ಕಾರಣವೆಂದು ನಂಬುವ ದರ್ಶನದ ಅನುಯಾಯಿಗಳು ಒಲೆಯ ದಿಕ್ಕಿಗೆ ಆ ಕರ್ತೃತ್ವವನ್ನು ಒಪ್ಪಿಸುವುದು ವಿಚಿತ್ರವಾಗಿದೆ. ದಿಕ್ಕು ನೋಡಬೇಕಾದುದು ಬೆಳಕಿಗಾಗಿ, ಗಾಳಿಗಾಗಿ, ಭಯಕ್ಕಾಗಿ ಅಲ್ಲ.

ಅಲ್ಪ ವೆಚ್ಚದಲ್ಲಿ ಆಗುವುದೇನು?

ದೂಷಿಸುವುದು ಸುಲಭ, ಪರ್ಯಾಯವನ್ನು ಹೇಳದಿದ್ದರೆ ದೂಷಣೆಗೆ ಬೆಲೆಯಿಲ್ಲ. ಅಡುಗೆಮನೆಯನ್ನು ಎಂದಿಗೂ ಮುಟ್ಟಬಾರದೆಂದು ವಾದಿಸುವುದೂ ಅವಿವೇಕವೇ. ಹೊಗೆಗೆ ಕಪ್ಪಾದ ಗೋಡೆ, ನೀರು ನಿಲ್ಲುವ ನೆಲ, ಬಗ್ಗಿ ಬಗ್ಗಿ ಸೊಂಟ ನೋಯುವ ಒಲೆ ಇವು ಪುಣ್ಯದ ಸಾಧನಗಳಲ್ಲ. ದುರಸ್ತಿ ಆಗಲೇಬೇಕು; ಆದರೆ ಅದಕ್ಕೊಂದು ಕ್ರಮವಿರಬೇಕು. ಮೊದಲು ನೀರು, ಆಮೇಲೆ ಬೆಳಕು, ಆಮೇಲೆ ಸಂದು, ಆಮೇಲೆ ಎತ್ತರ, ಎಲ್ಲಕ್ಕೂ ಕೊನೆಗೆ ಅಂದ.

ನೀರಿನ ವಿಷಯದಲ್ಲಿ, ಹನಿಯುವ ನಲ್ಲಿಯ ವಾಷರನ್ನು ಬದಲಿಸುವುದು, ತೊಟ್ಟಿಯ ಕೊಳವೆಯ ಕೀಲನ್ನು ಬಿಗಿಗೊಳಿಸುವುದು, ಬಚ್ಚಲಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದು, ನೆಲದ ಇಳಿಜಾರನ್ನು ಸರಿಪಡಿಸುವುದು ಮೊದಲ ಕೆಲಸ. ಬೆಳಕಿನ ವಿಷಯದಲ್ಲಿ, ಹೆಂಚಿನ ಮನೆಯಾದರೆ ಒಲೆಯ ಮೇಲೆ ಎರಡು ಗಾಜಿನ ಹೆಂಚುಗಳನ್ನು ಹೊದಿಸಿದರೆ ಹಗಲಿಡೀ ದೀಪ ಬೇಡ. ತಾರಸಿ ಮನೆಯಾದರೆ ಕಿಟಕಿಗೆ ಅಡ್ಡವಾಗಿ ನಿಂತ ಕಪಾಟನ್ನು ತೆಗೆದು, ಕೀಟ ಬರದಂತೆ ಜಾಲರಿ ಹಾಕಿ, ಗೋಡೆಗೆ ಸುಣ್ಣವನ್ನೋ ತಿಳಿಬಣ್ಣವನ್ನೋ ಬಳಿದರೆ ಸಾಕು. ಗೋಡೆಯ ಮತ್ತು ಕಟ್ಟೆಯ ಬಿರುಕುಗಳಿಗೆ ಬಿಳಿ ಸಿಮೆಂಟ್ ತುಂಬಬೇಕು. ಆದರೆ ತುಂಬುವ ಮೊದಲು ಅಲ್ಲಿ ಜೀವಿಗಳಿಲ್ಲವೆಂದು ನೋಡಿಕೊಳ್ಳಬೇಕೆಂಬುದನ್ನು ಕೆಲಸದವರಿಗೆ ಬಿಡದೆ ಮನೆಯವರೇ ಮಾಡಬೇಕು.

ಸಂಗ್ರಹಕ್ಕೆ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಥವಾ ಶಹಾಬಾದ್ ಕಲ್ಲಿನ ತೆರೆದ ಹಲಗೆಗಳು ಇಂದಿಗೂ ಅತ್ಯಂತ ಯೋಗ್ಯವಾದವು. ಅವು ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಬಹುದು. ಏನಿದೆ ಏನಿಲ್ಲ ಎಂಬುದು ನಿಂತಲ್ಲಿಂದಲೇ ಕಾಣುತ್ತದೆ. ಬಾಗಿಲು ಬೇಕೇಬೇಕೆಂದಾದರೆ ಮೇಲಿನ ಒಂದು ಕಪಾಟಿಗೆ ಇರಲಿ; ತೊಟ್ಟಿಯ ಕೆಳಗೆ ಮಾತ್ರ ಎಂದಿಗೂ ಬೇಡ. ಮರವನ್ನು ಬಳಸುವುದಾದರೆ ನೀರು ತಡೆಯುವ ಐಎಸ್ 710 ಗುರುತಿನ ಪ್ಲೈವುಡ್ಡನ್ನು ಸ್ವಲ್ಪವೇ ಕೊಳ್ಳುವುದು, ಉಬ್ಬುವ ಹಲಗೆಯನ್ನು ಗೋಡೆತುಂಬ ಹಾಕುವುದಕ್ಕಿಂತ ಲೇಸು. ಕಟ್ಟೆಯ ಎತ್ತರವನ್ನು ಮಳಿಗೆಯ ಪುಸ್ತಕ ನಿರ್ಧರಿಸಬಾರದು. ಅಲ್ಲಿ ನಿಂತು ದುಡಿಯುವವರ ಮೊಣಕೈ ನಿರ್ಧರಿಸಬೇಕು. ಕೈ ಮಡಿಸಿ ನಿಂತಾಗ ಮೊಣಕೈಗಿಂತ ಒಂದು ಗೇಣಿಗೆ ಕಡಿಮೆಯಾಗಿ ಕಟ್ಟೆಯಿದ್ದರೆ ಭುಜವೂ ಸೊಂಟವೂ ನೋಯುವುದಿಲ್ಲ. ಕುಳಿತೇ ಕೆಲಸ ಮಾಡುವ ಹಿರಿಯರಿಗಾಗಿ ಬೆಳಕಿರುವ ಕಡೆ ಒಂದು ಮಣೆಯ ಜಾಗವನ್ನು ಬಿಡುವುದೂ ದುರಸ್ತಿಯ ಭಾಗವೇ. ಇವಾವುದಕ್ಕೂ ಮನೆಯನ್ನು ಅಡವಿಡಬೇಕಾಗಿಲ್ಲ. ಇವೆಲ್ಲವೂ ಒಂದೇ ತಿಂಗಳಲ್ಲಿ ಆಗಬೇಕಾಗಿಯೂ ಇಲ್ಲ. ವರ್ಷಕ್ಕೊಂದು ಕೆಲಸವನ್ನು ಕೈಹಣದಿಂದ ಮಾಡಿಸಿದರೂ ಕೆಲವೇ ವರ್ಷಗಳಲ್ಲಿ ಸಾಲವಿಲ್ಲದ ಒಳ್ಳೆಯ ಅಡುಗೆಮನೆ ಸಿದ್ಧವಾಗುತ್ತದೆ.

ಹರಡಿರುವುದೆಲ್ಲ ಕೊಳೆಯಲ್ಲ

ಎರಡನೆಯ ವಿಪರೀತ ಇದಕ್ಕಿಂತ ಸೂಕ್ಷ್ಮವಾದುದು. ಹನ್ನೊಂದು ಗಂಟೆಗೆ ಯಾವುದಾದರೂ ಮನೆಯ ಅಡುಗೆಕೋಣೆಯನ್ನು ಹೊಕ್ಕರೆ ಕಾಣುವುದೇನು? ನೆನೆಹಾಕಿದ ಬೇಳೆ, ತೆರೆದಿಟ್ಟ ಮಸಾಲೆ ಡಬ್ಬಿ, ಹಗ್ಗದ ಮೇಲೆ ಒಣಗುತ್ತಿರುವ ನೀರು ಸೋಸುವ ಬಟ್ಟೆ, ಮೊರದಲ್ಲಿ ಅರ್ಧ ಆರಿಸಿದ ಅಕ್ಕಿ, ತಣಿಯಲೆಂದು ಇಟ್ಟ ಕುದಿಸಿದ ನೀರಿನ ಪಾತ್ರೆ. ಇದು ಅವ್ಯವಸ್ಥೆಯಲ್ಲ, ಇದು ಆಚಾರವು ನಡೆಯುತ್ತಿರುವ ಸ್ಥಿತಿ. ಅಕ್ಕಿಯನ್ನು ಆರಿಸುತ್ತಿರುವುದು ಹುಳು ಬೇಯಬಾರದೆಂದು. ಬಟ್ಟೆ ಒಣಗುತ್ತಿರುವುದು ಅದರಲ್ಲಿ ಜೀವ ಹುಟ್ಟಬಾರದೆಂದು. ಇದನ್ನು ಕಂಡು ಮುಖ ಸಿಂಡರಿಸುವ ಅತಿಥಿಗೆ ಜೈನ ಅಡುಗೆಯ ಗಂಧವೇ ತಿಳಿಯದೆಂದು ಹೇಳಬೇಕು.

ನಿಜವಾದ ದೋಷ ಬೇರೆ. ರಾತ್ರಿಯಿಡೀ ಎಂಜಲು ಪಾತ್ರೆ ತೊಟ್ಟಿಯಲ್ಲಿ ನೆನೆಯುವುದು, ಒದ್ದೆ ಮಸಿಬಟ್ಟೆಯನ್ನು ಮುದ್ದೆಮಾಡಿ ಎಸೆಯುವುದು, ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಕೊಳೆಯಿಸುವುದು, ತುಪ್ಪದ ಪಾತ್ರೆಗೆ ಮುಚ್ಚಳ ಹಾಕದೆ ಇರುವೆಗಳನ್ನು ಸಾಯಿಸುವುದು: ಇವು ಪ್ರಮಾದಗಳು. ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ಎಂಬ ಆದಾನನಿಕ್ಷೇಪಣವೂ, ತ್ಯಾಜ್ಯವನ್ನು ನಿರ್ಜೀವ ಸ್ಥಳದಲ್ಲಿ ಬಿಡುವ ಉತ್ಸರ್ಗವೂ ಸೇರಿವೆ. ಗೃಹಸ್ಥನಿಗೆ ಅವು ಮಹಾವ್ರತಿಗಳ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಆದರೆ ಅಡುಗೆಮನೆಗೆ ಇವುಗಳಿಗಿಂತ ಉತ್ತಮವಾದ ಎರಡು ನಿಯಮಗಳನ್ನು ಯಾವ ಗೃಹಾಲಂಕಾರ ಪುಸ್ತಕವೂ ಕೊಡಲಾರದು. ಹೊಳೆಯುವ ಬಾಗಿಲಿನ ಹಿಂದೆ ಕೊಳೆತ ಸಿಪ್ಪೆಯಿರುವ ಕೋಣೆ ಅಶುದ್ಧ. ಡಬ್ಬಿಗಳು ಹರಡಿದ್ದರೂ ಎಂಜಲಿಲ್ಲದ, ತೇವವಿಲ್ಲದ ಕೋಣೆ ಶುದ್ಧ. ಶುದ್ಧಿಯನ್ನು ಜೀವದಯೆಯಿಂದ ಅಳೆಯಬೇಕಲ್ಲದೆ ಹೊಳಪಿನಿಂದ ಅಳೆಯಬಾರದು.

ಈ ಶುದ್ಧಿಯನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಸಮಾಜ ಪ್ರಾಮಾಣಿಕವಾಗಿ ಉತ್ತರಿಸಬೇಕಾಗಿದೆ. ಭಾರತ ಸರ್ಕಾರದ 2024ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಪುರುಷರು 88 ನಿಮಿಷಗಳನ್ನು ಮಾತ್ರ. ಇದು ದೇಶದ ಸರಾಸರಿ. ನೀರಿಗೆ, ಹಿಟ್ಟಿಗೆ, ಹೊತ್ತಿಗೆ ಮರ್ಯಾದೆಗಳನ್ನು ಪಾಲಿಸುವ ಮನೆಯಲ್ಲಿ ಕೆಲಸ ಇದಕ್ಕಿಂತ ಕಡಿಮೆಯಾಗಲು ಕಾರಣವಿಲ್ಲ. ವ್ರತ ಇಡೀ ಮನೆಯದು, ಅದರ ದುಡಿಮೆ ಒಬ್ಬಳದು ಎಂದಾದರೆ ಅದು ವ್ರತವೇ? ಪ್ರವಚನದಲ್ಲಿ ಶುದ್ಧಾಹಾರದ ಮಹಿಮೆಯನ್ನು ಕೇಳಿ ತಲೆದೂಗುವ ಪುರುಷರು ಮನೆಗೆ ಬಂದು ತಾವು ಉಂಡ ತಟ್ಟೆಯನ್ನು ಎತ್ತದೆ ಏಳುತ್ತಾರೆ. ಸೊಸೆಯ ಅಡುಗೆಮನೆ ಹರಡಿಕೊಂಡಿದೆಯೆಂದು ಬಂಧುಗಳ ಎದುರು ಆಡುವ ಮಾತೂ ಹಿಂಸೆಯೇ; ವಚನದಿಂದ ಆಗುವ ಹಿಂಸೆಗೆ ಜೈನಧರ್ಮದಲ್ಲಿ ವಿನಾಯಿತಿ ಇಲ್ಲ. ಕತ್ತಲಾಗುವ ಮೊದಲು ಅಡುಗೆ ಮುಗಿಯಬೇಕೆಂದು ಬಯಸುವ ಗಂಡಸು ಸಂಜೆ ನಾಲ್ಕಕ್ಕೆ ತರಕಾರಿ ಆರಿಸಲು ಕೂರಬೇಕು. ದುಡಿಯುವ ಹೆಂಡತಿ ಆರಕ್ಕೆ ಕಚೇರಿಯಿಂದ ಹೊರಡುವ ಮನೆಯಲ್ಲಿ ಒಲೆ ಹಚ್ಚುವುದನ್ನೂ ಅವನು ಕಲಿಯಬೇಕು. ಇದಕ್ಕೆ ಯಾವ ಕಪಾಟೂ ಪರ್ಯಾಯವಲ್ಲ.

ಆಕ್ಷೇಪಗಳು

ಹೊಸ ಅಡುಗೆಮನೆಗಳು ಸ್ವಚ್ಛತೆಗೆ ಹೆಚ್ಚು ಅನುಕೂಲವೆಂದು ಕೆಲವರು ಹೇಳುತ್ತಾರೆ. ಚೆನ್ನಾಗಿ ಮಾಡಿದ ಎಳೆಗೂಡುಗಳು ಕೆಳಗೆ ಕುಳಿತು ಹುಡುಕುವ ಶ್ರಮವನ್ನು ತಪ್ಪಿಸುತ್ತವೆಂಬುದು ನಿಜ. ಮಂಡಿನೋವಿರುವವರಿಗೆ ಅದೊಂದು ಉಪಕಾರವೇ. ಹಾಗಾದರೆ ಎರಡು ಎಳೆಗೂಡುಗಳನ್ನು ಮಾಡಿಸಬಹುದು; ಇಪ್ಪತ್ತನ್ನು ಮಾಡಿಸಬೇಕೆಂದು ಮಂಡಿ ಕೇಳುವುದಿಲ್ಲ.

ಮುನಿಗಳಿಗೆ ಆಹಾರದಾನ ಮಾಡಲು ಒಳ್ಳೆಯ ಅಡುಗೆಮನೆ ಬೇಕಲ್ಲವೆ ಎಂಬುದು ಇನ್ನೊಂದು ಆಕ್ಷೇಪ. ಬೇಕು, ಆದರೆ ಒಳ್ಳೆಯದೆಂದರೆ ಯಾವುದು? ದಿನಕ್ಕೊಮ್ಮೆ, ನಿಂತು, ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುವ ನಿರ್ಗ್ರಂಥ ಮುನಿ ನೋಡುವುದು ದ್ರವ್ಯಶುದ್ಧಿಯನ್ನೂ ಭಾವಶುದ್ಧಿಯನ್ನೂ. ಎಲ್ಲವನ್ನೂ ತೊರೆದವರ ನೆಪದಲ್ಲಿ ಎಲ್ಲವನ್ನೂ ಕೂಡಿಹಾಕುವುದು ದಾನದ ಮಾರ್ಗವಲ್ಲ.

ಸಂಬಂಧ ಬೆಳೆಸುವವರು ಮನೆ ನೋಡಲು ಬಂದಾಗ ಅಡುಗೆಮನೆಯನ್ನೂ ನೋಡುತ್ತಾರೆಂಬುದು ಮೂರನೆಯದು. ನೋಡಲಿ. ಕಪಾಟಿನ ಹೊಳಪನ್ನು ನೋಡಿ ಹೆಣ್ಣು ಕೊಡುವವರೂ ತರುವವರೂ ಇದ್ದರೆ, ಅಂತಹ ಸಂಬಂಧ ತಪ್ಪಿಹೋದದ್ದರಿಂದ ನಷ್ಟವೇನೂ ಇಲ್ಲ.

ಟ್ರಸ್ಟುಗಳ ಹೊಣೆ

ಕುಟುಂಬಗಳಿಗೆ ಹೇಳಿದ ಮಾತು ಬಸದಿಗಳ ಟ್ರಸ್ಟುಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ, ಏಕೆಂದರೆ ಅವುಗಳ ಹಣ ಸ್ವಂತದ್ದಲ್ಲ. ಭೋಜನಶಾಲೆಯ ಮುಂಭಾಗಕ್ಕೆ ಹೊಳೆಯುವ ಕಲ್ಲು, ದಾನಿಗಳ ಹೆಸರಿನ ಫಲಕ, ಎತ್ತರದ ಕಮಾನು. ಹಿಂಭಾಗದಲ್ಲಿ ಪಾತ್ರೆ ತೊಳೆಯುವವರು ಕೆಸರಿನಂತಹ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಮಂದವಾದ ಒಂದು ದೀಪದಡಿ ರಾತ್ರಿ ಹತ್ತರವರೆಗೆ ದುಡಿಯುತ್ತಾರೆ. ಎಂಜಲು ನೀರು ತೆರೆದ ಚರಂಡಿಯಲ್ಲಿ ನಿಂತು ಸೊಳ್ಳೆಗಳಿಗೆ ನೆಲೆಯಾಗುತ್ತದೆ. ಮರುದಿನದ ಪೂಜೆಯ ಊಟಕ್ಕಾಗಿ ನಡುರಾತ್ರಿಯಲ್ಲೇ ಒಲೆ ಹೊತ್ತಿಸುವ ಗುತ್ತಿಗೆದಾರನಿಗೆ ಅಡುಗೆ ವಹಿಸಿ, ಹಗಲಿನಲ್ಲಿ ರಾತ್ರಿಭೋಜನ ತ್ಯಾಗದ ಮೇಲೆ ಪ್ರವಚನ ಏರ್ಪಡಿಸುವುದರಲ್ಲಿ ಅರ್ಥವಿಲ್ಲ.

ಟ್ರಸ್ಟುಗಳು ಮಾಡಬಹುದಾದುದು ಬಹಳವಿದೆ. ಭೋಜನಶಾಲೆಯ ದುರಸ್ತಿಗೆ ನಕ್ಷೆ ಮಾಡಿಸುವ ಮೊದಲು ಅಲ್ಲಿ ಅಡುಗೆ ಮಾಡುವವರನ್ನೂ ಪಾತ್ರೆ ತೊಳೆಯುವವರನ್ನೂ ಕೇಳಬೇಕು. ಮೊದಲ ರೂಪಾಯಿ ಬಚ್ಚಲಿಗೆ, ನೆಲದ ಇಳಿಜಾರಿಗೆ, ನಿಂತು ತೊಳೆಯುವ ಕಟ್ಟೆಗೆ ಹೋಗಬೇಕು. ಕಮಾನಿಗೆ ಉಳಿದದ್ದು ಸಾಕು. ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಕಾನೂನಿಗಾಗಿ ಕಾಯದೆ ಈ ಸಮಾಜವೇ ಮುಂದಾಗಬೇಕಿತ್ತು. ಈಗಲಾದರೂ ಪ್ರತಿ ಬಸದಿಯಲ್ಲಿ ಕೆಲವು ನೂರು ಉಕ್ಕಿನ ತಟ್ಟೆ ಲೋಟಗಳನ್ನು ಇಟ್ಟು, ಮನೆಗಳ ಸಮಾರಂಭಗಳಿಗೆ ಕಡ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಮಾಜದ ಬಡ ಕುಟುಂಬಗಳ ಅಡುಗೆಮನೆ ದುರಸ್ತಿಗೆ ಬಡ್ಡಿಯಿಲ್ಲದ ಸಣ್ಣ ಸಾಲದ ನಿಧಿಯೊಂದನ್ನು ಟ್ರಸ್ಟುಗಳು ತೆರೆಯಬೇಕು. ಒಂದು ಕಮಾನಿಗೆ ಆಗುವ ವೆಚ್ಚದಲ್ಲಿ ಎಷ್ಟೋ ಮನೆಗಳ ಸೂರಿಗೆ ಗಾಜಿನ ಹೆಂಚು, ನೆಲಕ್ಕೆ ಇಳಿಜಾರು, ಕಿಟಕಿಗೆ ಜಾಲರಿ ಆಗುತ್ತದೆ. ಅಂತಹ ಮನೆಯಲ್ಲಿ ಹಗಲಿನಲ್ಲೇ ಅಡುಗೆ ಮುಗಿದರೆ, ಅದರಲ್ಲಿ ಆ ನಿಧಿಗೆ ಕೊಟ್ಟವರಿಗೂ ಪಾಲಿದೆ. ಅಲ್ಲಿ ಫಲಕ ಇರುವುದಿಲ್ಲವೆಂಬುದೊಂದೇ ಕೊರತೆ. ಆ ಕೊರತೆಯನ್ನು ಸಹಿಸುವ ದಾನಿಗಳು ಸಮಾಜದಲ್ಲಿ ಇಂದಿಗೂ ಇದ್ದಾರೆ.

ಮುಂದಿನ ಬಾರಿ ಅಡುಗೆಮನೆಯನ್ನು ಒಡೆಯುವ ಯೋಚನೆ ಬಂದಾಗ ಗೃಹಸ್ಥನು ಮಳಿಗೆಗೆ ಹೋಗುವ ಮೊದಲು ತನ್ನ ಮನೆಯಲ್ಲೇ ನಾಲ್ಕು ವಿಷಯಗಳನ್ನು ವಿಚಾರಿಸಲಿ. ಇದರಿಂದ ಜೀವಹಾನಿ ಕಡಿಮೆಯಾಗುವುದೇ? ಅಲ್ಲಿ ದುಡಿಯುವವರ ಶ್ರಮ ಕಡಿಮೆಯಾಗುವುದೇ? ಸೂರ್ಯಾಸ್ತದೊಳಗೆ ಅಡುಗೆ ಮುಗಿಸಲು ಸಹಾಯವಾಗುವುದೇ? ಸಾಲವಿಲ್ಲದೆ ಆಗುವುದೇ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಸಂಕೋಚವಿಲ್ಲದೆ ದುರಸ್ತಿ ಮಾಡಿಸಲಿ. ಒಂದಕ್ಕೂ ಹೌದೆನ್ನಲಾಗದಿದ್ದರೆ, ಆ ಹಣದಲ್ಲಿ ಒಂದಿಷ್ಟನ್ನು ಹನಿಯುವ ನಲ್ಲಿಗೆ ವಿನಿಯೋಗಿಸಿ, ಉಳಿದುದನ್ನು ಅನ್ನವಿಲ್ಲದವರ ಒಲೆಗೆ ಕೊಡಲಿ.